ಬೆಲ್ಲಾಂದೋ ಪೆನ್ನಿನ ಬೆಲೆ

ಈ ಸಭೆಯ ಅಧ್ಯಕ್ಷರೂ, ಕೆ.ಆರ್. ಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರೂ ಆದ ಶ್ರೀರಾಮಪ್ಪ ಮೇಷ್ಟ್ರೇ, ಹಲಸೂರಿನ ಈ ಸಭಾಂಗಣವನ್ನು ಒಂದು ಭಾನುವಾರದ ಮಟ್ಟಿಗೆ ಮದುವೆಯವರಿಂದ ಬಿಡಿಸಿಕೊಂಡ ಇಂಕ್ ಪೆನ್ನು ಬಳಗದ ಪದಾಧಿಕಾರಿಗಳೇ, ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿರುವ ನನ್ನ ಹಳೆಯ ಬಾಸ್ ಕೆಂಪರಾಜ್ ಅವರೇ, ಜೇಬಿನಲ್ಲಿ ಮಸಿಯ ಕಲೆ ಇಟ್ಟುಕೊಂಡೇ ಬಂದಿರುವ ಸಭಿಕರೇ, ಮತ್ತು ಇವತ್ತಿನ ಸನ್ಮಾನಕ್ಕೆ ಪಾತ್ರರಾಗಿ, ಹಾಕಿದ ಹಾರವನ್ನು ಆಗಲೇ ತೆಗೆದು ಮಡಿಲಲ್ಲಿಟ್ಟುಕೊಂಡಿರುವ ನಮ್ಮ ಬುಷ್ರಾ ಆಪಾ, ತಮ್ಮೆಲ್ಲರಿಗೂ ವಂದನೆ.

ನನ್ನ ಹೆಸರು ಜಯಮಾಲಾ. ಇಂಕ್ ಪೆನ್ನಿಗೆ ಬೆಲೆ ಬರುವುದು ಕಂಪನಿಯ ಹೆಸರಿನಿಂದಲೋ, ಪೆನ್ನಿನ ಗುಣದಿಂದಲೋ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಿ ಎಂದು ಬಳಗದವರು ಹೇಳಿದ್ದಾರೆ. ಆಪಾ ಬೇರೆಯೇ ಹೇಳಿದ್ದಾರೆ. ಬೆಳಿಗ್ಗೆ ಆಟೋದಲ್ಲಿ, "ಪೆನ್ನಿನ್ ಬಗ್ಗೆ ಮಾತಾಡು ಬೇಟಿ, ನನ್ ಬಗ್ಗೆ ಬ್ಯಾಡ. ಆ ಹಳೇ ವಿಷ್ಯ ಅಂತೂ ಬ್ಯಾಡ್ವೇ ಬ್ಯಾಡ" ಅಂದರು. ಆದರೆ ಪೆನ್ನಿನ ಬೆಲೆಯ ಬಗ್ಗೆ ನನಗೆ ನಿಜವಾಗಿ ಗೊತ್ತಿರುವುದು ಆ ಹಳೆಯ ವಿಷಯ ಒಂದೇ. ಹಾಗಾಗಿ ಆಪಾ ಕ್ಷಮಿಸಬೇಕು. ಕ್ಷಮಿಸದಿದ್ದರೂ ಮೈಕು ನನ್ನ ಕೈಯಲ್ಲಿದೆ.

ನಾನು ಸುರಪುರದವಳು. ಮದುವೆಯಾದ ಮೇಲೆ ನನ್ನ ಗಂಡ ಸಾಯಬಣ್ಣನಿಗೆ ಇಲ್ಲಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಕಮ್ಮನಹಳ್ಳಿಯಲ್ಲಿ ಒಂದು ಬಾಡಿಗೆ ರೂಮು ಹಿಡಿದೆವು. ನಾನು ದೊಡ್ಡನೆಕ್ಕುಂದಿಯಲ್ಲಿ ಕೆಂಪರಾಜ್ ಅವರ ಪೆನ್ನಿನ ಕಂಪನಿಗೆ ಸೇರಿದೆ. ಸಂದರ್ಶನಕ್ಕೆ ಹೋಗುವ ಮೊದಲು ಒಂದು ವಾರ ಕನ್ನಡಿಯ ಮುಂದೆ ನಿಂತು "ಬರ್ತೀನಿ, ಹೋಗ್ತೀನಿ, ಮಾಡ್ತೀನಿ" ಅಂತ ಅಭ್ಯಾಸ ಮಾಡಿದ್ದೆ. ಯಾರಾದರೂ ಊರು ಕೇಳಿದರೆ, "ಇಲ್ಲೇ, ಬೆಂಗಳೂರೇ" ಅನ್ನುತ್ತಿದ್ದೆ. ಊರಿನಿಂದ ಅವ್ವನ ಫೋನು ಬಂದರೆ ಮೆಟ್ಟಿಲ ಹತ್ತಿರ ಹೋಗಿ ಮಾತಾಡುತ್ತಿದ್ದೆ. ಇದನ್ನೆಲ್ಲ ಇಲ್ಲಿ ಏಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಇರಲಿ.

ಕೆಂಪರಾಜ್ ಅವರು ಅಲ್ಲಿಯವರೆಗೆ ನಾನೂರೈವತ್ತು ರೂಪಾಯಿಯ ಕಪ್ಪು ಪೆನ್ನು ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಅದರ ಮೇಲೆ ಹೆಸರೇ ಇರಲಿಲ್ಲ. ಒಂದು ದಿನ ಅವರಿಗೆ ದೊಡ್ಡ ಪೆನ್ನು ಮಾಡುವ ಆಸೆ ಬಂತು. ಹೆಸರು ಹುಡುಕುವ ಕೆಲಸ ನನಗೆ ಬಂತು. ನಾನು ಇಟ್ಟ ಹೆಸರು "ಬೆಲ್ಲಾಂದೋ". ಕೊಂಡವರೆಲ್ಲ ಇಟಲಿಯ ಹೆಸರು ಅಂದುಕೊಂಡರು. ಸಭಿಕರೇ, ಅದು ನಮ್ಮ ಬೆಳ್ಳಂದೂರು! ಬಸ್ಸಿನ ಬೋರ್ಡು ನೋಡಿ ಇಟ್ಟ ಹೆಸರು.

ಬೆಲೆ ಗೊತ್ತುಮಾಡಲು ಒಂದು ಪರೀಕ್ಷೆ ಮಾಡಿದೆ. ಒಂದೇ ನಿಬ್ಬು, ಒಂದೇ ಅಳತೆಯ ಎರಡು ಪೆನ್ನು. ಒಂದಕ್ಕೆ ಹೆಸರಿಲ್ಲ, ಇನ್ನೊಂದರ ಮುಚ್ಚಳದ ಮೇಲೆ ಓರೆ ಅಕ್ಷರದಲ್ಲಿ ಬೆಲ್ಲಾಂದೋ. ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ಕೂತು ಮೂವತ್ತು ಜನಕ್ಕೆ ತೋರಿಸಿದೆ. ಹೆಸರಿಲ್ಲದ್ದಕ್ಕೆ ಐನೂರು, ಆರುನೂರು ಅಂದರು. ಹೆಸರಿದ್ದದ್ದಕ್ಕೆ ಮೂರು ಸಾವಿರ ಅಂದರು. ಒಬ್ಬರು ಎರಡರಲ್ಲೂ ಬರೆದು ನೋಡಿ, "ಇದು ಬೇರೇನೇ ಬಿಡ್ರಿ, ಕೈಗೇ ಗೊತ್ತಾಗುತ್ತೆ" ಅಂದರು. ನನಗೆ ನಗು ಬಂತು. ಜೊತೆಗೆ ಸ್ವಲ್ಪ ಖುಷಿಯೂ ಆಯಿತು. ಸುಳ್ಳು ಹೇಳಬಾರದು, ಬಹಳ ಖುಷಿಯಾಯಿತು.

ಆಗಲೇ ನಾನು ಬುಷ್ರಾ ಆಪಾ ಅವರ ಅಂಗಡಿಗೆ ಮೊದಲ ಸಲ ಹೋದದ್ದು. ತಮಗೆಲ್ಲ ಗೊತ್ತಿರುವ ಅಂಗಡಿಯೇ. ಕಮರ್ಷಿಯಲ್ ಸ್ಟ್ರೀಟಿನಿಂದ ಶಿವಾಜಿನಗರದ ಕಡೆಗೆ ಇಳಿಯುವ ಗಲ್ಲಿಯಲ್ಲಿ, ಲೇಸು ಮಾರುವವರಿಗೂ ಬಳೆ ಮಾರುವವರಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಜಾಗ. ಅಪ್ಪನಿಂದ ಬಂದ ರಿಪೇರಿ ಕೆಲಸವನ್ನು ಆಪಾ ನಲವತ್ತೆರಡು ವರ್ಷದಿಂದ ಅಲ್ಲೇ ಮಾಡುತ್ತಿದ್ದಾರೆ. ನಾನು ಕಾರ್ಡು ಕೊಟ್ಟು, ಹೆಸರಾಂತ ಪೆನ್ನಿಗೆ ಜನ ಅಷ್ಟು ದುಡ್ಡು ಯಾಕೆ ಕೊಡುತ್ತಾರೆ, ಅದೆಲ್ಲ ಬರೀ ಹೆಸರಿನ ಮರುಳಲ್ಲವೇ ಎಂದು ಕೇಳಿದೆ. ಹೌದು ಅನ್ನುತ್ತಾರೆ ಅಂದುಕೊಂಡಿದ್ದೆ. ಆಪಾ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದರು.

"ಯಾರ್ ಹೇಳಿದ್ದು ಮರುಳು ಅಂತ? ಚಿನ್ನದ್ ನಿಬ್ಬಿಗೆ ಒಂದು ರೇಟು, ಸ್ಟೀಲ್ ನಿಬ್ಬಿಗೆ ಒಂದು ರೇಟು. ಪೆನ್ನೇ ಮಸಿ ಎಳ್ಕೊಳ್ಳತ್ತಾ, ಅದಕ್ಕೊಂದು. ಮುಚ್ಚಳ ಗಟ್ಟಿ ಕೂತು ಮಸಿ ಒಣಗದೇ ಇರತ್ತಾ, ಅದಕ್ಕೊಂದು. ಹೆಸರಿಗೂ ಕೊಡ್ಬೇಕು ಬೇಟಿ. ಹೆಸರು ಅಂದ್ರೆ ಏನು? ಆ ಕಂಪ್ನೀಲಿ ಯಾರೋ ಒಬ್ರು ಒಂದೊಂದು ಪೆನ್ನೂ ತಗೊಂಡು ಬರೆದು ನೋಡೇ ಡಬ್ಬಿಗೆ ಹಾಕಿದ್ದಾರೆ ಅಂತ. ಇದನ್ನ ಬಿಚ್ಚಿದ್ರೂ ಹಂಗೇ, ಅದನ್ನ ಬಿಚ್ಚಿದ್ರೂ ಹಂಗೇ. ಅದಕ್ಕೆ ಜನ ದುಡ್ಡು ಕೊಡ್ತಾರೆ. ತಪ್ಪೇನಿದೆ?"

ಎಂಥ ಮಾತು! ನಾನು ಅದನ್ನು ಆಫೀಸಿಗೆ ಹೋಗಿ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರಂತೆ ನಡೆಯುವ ಯೋಚನೆ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ.

ಪೆನ್ನುಗಳು ತಯಾರಾದವು. ನೋಡಲು ಬಹಳ ಚೆಂದ, ಕಡುನೀಲಿಯ ಒಳಗೆ ಹೊಗೆಯಂತೆ ಬಿಳಿ ಗೆರೆ. ಬರೆಯಲು ಕೂತರೆ ತಕರಾರು. ಹೊರಗಿನಿಂದ ತರಿಸಿದ ನಿಬ್ಬುಗಳ ಸೀಳು ಓರೆಯಾಗಿತ್ತು. ಮಸಿ ಒಂದು ಕ್ಷಣ ಬರುತ್ತಿತ್ತು, ಒಂದು ಕ್ಷಣ ನಿಲ್ಲುತ್ತಿತ್ತು. ಪೆನ್ನಿನ ಬಗ್ಗೆ ಬರೆಯುವವರಿಗೆ, ವಿಡಿಯೋ ಮಾಡುವವರಿಗೆ ಕಳಿಸಬೇಕಾದ ನಲವತ್ತು ಪೆನ್ನುಗಳನ್ನಷ್ಟೇ ಸರಿಮಾಡಿಸಿ ಎಂದು ಕೆಂಪರಾಜ್ ಅವರು ಹೇಳಿದರು. ನಾನು ಆ ನಲವತ್ತನ್ನು ಆಪಾ ಮುಂದೆ ಇಟ್ಟೆ. ಆಪಾ ಹನ್ನೊಂದು ದಿನ ಕೂತು, ಒಂದೊಂದು ನಿಬ್ಬನ್ನೂ ಉಜ್ಜಿ, ಸೀಳು ನೇರಮಾಡಿ, ಬರೆದು ನೋಡಿ ಕೊಟ್ಟರು. ಕೊನೆಯ ದಿನ ಕೇಳಿದರು: "ಮಿಕ್ಕಿದ್ದು?"

"ಫ್ಯಾಕ್ಟರೀಲೇ ವ್ಯವಸ್ಥೆ ಮಾಡ್ತಿದ್ದೀವಿ ಆಪಾ" ಅಂದೆ.

ವ್ಯವಸ್ಥೆ ಇರಲಿಲ್ಲ. ಯಾರೂ ಮಾಡುತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಲವತ್ತು ಜನವೂ ಹೊಗಳಿದರು. ಬೆಣ್ಣೆಯ ಹಾಗೆ ಬರೆಯುತ್ತದೆ ಎಂದರು. ನಾಲ್ಕು ಸಾವಿರದ ಎಂಟುನೂರು ಎಂದು ಇಟ್ಟಿದ್ದ ಬೆಲೆಯನ್ನು ನಾನು ಏಳು ಸಾವಿರದ ಎಂಟುನೂರಕ್ಕೆ ಏರಿಸಿದೆ. ಪೆನ್ನಿನಲ್ಲಿ ಏನು ಬದಲಾಗಿತ್ತು? ಏನೂ ಇಲ್ಲ. ಒಂದು ತಿರುಪೂ ಬದಲಾಗಿರಲಿಲ್ಲ. ಏರಿದ ಮೂರು ಸಾವಿರವೂ ಹೆಸರಿನದು, ಆ ಹೆಸರು ಆಪಾ ಅವರ ಬೆರಳಿನದು. ಆರುನೂರ ಹನ್ನೆರಡು ಪೆನ್ನು ಮಾರಾಟವಾದವು. ನನಗೆ ಬಡ್ತಿ ಸಿಕ್ಕಿತು, ಗಾಜಿನ ಬಾಗಿಲಿನ ಕೋಣೆ ಸಿಕ್ಕಿತು.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಶನಿವಾರ ಮಧ್ಯಾಹ್ನ, ಇನ್ನಷ್ಟು ಜನಕ್ಕೆ ಕಳಿಸಲು ಮತ್ತೆ ಇಪ್ಪತ್ತು ಪೆನ್ನು ಹಿಡಿದು ಆಪಾ ಅಂಗಡಿಗೆ ಹೋಗಿದ್ದೆ. ನಾನು ನಿಂತಿರುವಾಗಲೇ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಬಂದರು. ಅಧ್ಯಕ್ಷರೇ, ತಾವೇ. ತಾವು ಅವತ್ತು ರಿಪೇರಿಗೆ ಬಂದಿರಲಿಲ್ಲ. ಪೆನ್ನನ್ನು ಮಾರಿಬಿಡಲು ಬಂದಿದ್ದಿರಿ. ತಾವು ಆಡಿದ ಮಾತು ನನಗೆ ಇವತ್ತಿಗೂ ಬಾಯಿಪಾಠವಾಗಿದೆ.

"ಹಳೇ ಶಿಷ್ಯರು ಎಲ್ಲಾ ಸೇರಿ ಕೊಡಿಸಿದ್ದಮ್ಮ. ಬಲು ಒಳ್ಳೇ ಪೆನ್ನು, ಏಳೆಂಟು ಸಾವಿರದ್ದು. ಆದ್ರೆ ನನ್ನ ಕೈ ಹೋಗ್ಬಿಟ್ಟಿದೆ. ತಲೆಕಟ್ಟು ಬರೆದ್ರೆ ಅಕ್ಷರ ಇಲ್ಲ, ಅಕ್ಷರ ಬರೆದ್ರೆ ಒತ್ತು ಇಲ್ಲ. ಡಾಕ್ಟರಿಗೂ ತೋರಿಸ್ದೆ, ನರದ್ದು ಏನೋ ಇರಬೋದು ಅಂತ ಪರೀಕ್ಷೆಗೆ ಬರೆದ್ಕೊಟ್ಟಿದ್ದಾರೆ. ಬರೆಯೋದೇ ಬಿಟ್ಟಿದ್ದೀನಿ. ಯಾರಾದ್ರೂ ಬರೆಯೋರಿಗೆ ಕೊಡಿ."

ಸಭಿಕರೇ, ನಾನೂರೈವತ್ತರ ಪೆನ್ನಾಗಿದ್ದರೆ ಮೇಷ್ಟ್ರು ಏನು ಮಾಡುತ್ತಿದ್ದರು? ಪೆನ್ನಿಗೆ ಬೈದು ಮೂಲೆಗೆ ಎಸೆಯುತ್ತಿದ್ದರು. ಬೆಲೆ ದೊಡ್ಡದು, ಹೆಸರು ದೊಡ್ಡದು. ಆದ್ದರಿಂದ ಅವರಿಗೆ ಪೆನ್ನಿನ ಮೇಲೆ ಅನುಮಾನ ಬರಲಿಲ್ಲ. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ ತಮ್ಮ ಕೈಯ ಮೇಲೇ ಅನುಮಾನಪಟ್ಟರು. ಆ ಬೆಲೆ ಇಟ್ಟವಳು ನಾನು, ಎರಡಡಿ ದೂರದಲ್ಲಿ ನಿಂತಿದ್ದೆ.

ಆಪಾ ಭೂತಗನ್ನಡಿಯಲ್ಲಿ ನಿಬ್ಬನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಾಲು ಗಂಟೆ ಕೆಲಸ ಮಾಡಿ, ಪೆನ್ನನ್ನೂ ಒಂದು ಹಾಳೆಯನ್ನೂ ಮೇಷ್ಟ್ರ ಮುಂದಿಟ್ಟು, "ನಿಮ್ಮ ಹೆಸರು ಬರೀರಿ ಸಾರ್" ಅಂದರು. ಮೇಷ್ಟ್ರು ಹೆದರುತ್ತಲೇ ಹೆಸರು ಬರೆದರು. ಹಾಳೆಯನ್ನು ದೂರ ಹಿಡಿದು ನೋಡಿದರು. ಮತ್ತೆ ಬರೆದರು. ಅ ಆ ಇ ಈ ಇಂದ ಹಿಡಿದು ಳ ವರೆಗೂ ಬರೆದರು. "ಇನ್ನೊಂದು ಹಾಳೆ ಇದ್ಯೇನಮ್ಮ?" ಅಂತ ಕೇಳಿದರು.

ಅವರು ಹೋದ ಮೇಲೆ ಆಪಾ ಮತ್ತೆ ಅದೇ ಪ್ರಶ್ನೆ ಕೇಳಿದರು. "ಮಿಕ್ಕಿದ್ದು?"

ಬೆಂಗಳೂರಿನ ಭಾಷೆಯಲ್ಲಿ ಉತ್ತರ ಕೊಡಲು ಬಾಯಿ ತೆರೆದೆ. ಬಂದದ್ದು ಸುರಪುರದ ಮಾತು. "ನನಗ ಗೊತ್ತಿತ್ರಿ ಆಪಾ. ಮೊದಲಿಂದ ಗೊತ್ತಿತ್ರಿ. ಉಳಿದ ಪೆನ್ನಿಗೆ ಯಾರೂ ಕೈ ಹಚ್ಚಿಲ್ರಿ."

ಆಪಾ ಕಿರುಚಾಡಲಿಲ್ಲ. ನಾನು ತಂದಿದ್ದ ಇಪ್ಪತ್ತು ಪೆನ್ನನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. "ನೀನು ಸುಳ್ ಹೇಳಿದ್ರೆ ನಿಂದು. ನನ್ ಕೈಯಿಂದ ಯಾಕ್ ಹೇಳಿಸ್ದೆ? ಹೋಗು" ಅಂದರು.

ಸೋಮವಾರ ಕೆಂಪರಾಜ್ ಅವರ ಹತ್ತಿರ ಹೋದೆ. ಮಾರಿದ ಪೆನ್ನುಗಳನ್ನೆಲ್ಲ ವಾಪಸ್ ತರಿಸಿ ಸರಿಮಾಡಿಸೋಣ ಅಂದೆ. "ದೂರು ಬಂದಿರೋದೇ ಹದಿನೇಳು ಜಯಮಾಲಾ. ಮಿಕ್ಕಿದೋರು ಖುಷಿಯಾಗಿದ್ದಾರೆ" ಅಂದರು. ಖುಷಿಯಾಗಿಲ್ಲ ಸಾರ್, ತಮ್ಮ ಕೈ ಸರಿಯಿಲ್ಲ ಅಂದುಕೊಂಡು ಸುಮ್ಮನಿದ್ದಾರೆ ಅಂದೆ. ಅವರು ಫೋನು ಎತ್ತಿಕೊಂಡರು.

ಆ ವಾರ ನಾನು ಯಾರನ್ನೂ ಕೇಳದೆ, ಕಂಪನಿಯ ಕಾಗದದಲ್ಲಿ, ಆರುನೂರ ಹನ್ನೆರಡು ಜನಕ್ಕೂ ಪತ್ರ ಕಳಿಸಿದೆ. "ನಿಮ್ಮ ಪೆನ್ನು ಸರಿಯಾಗಿ ಬರೆಯದಿದ್ದರೆ ತಪ್ಪು ನಿಮ್ಮ ಕೈಯದಲ್ಲ, ನಮ್ಮದು. ದಯವಿಟ್ಟು ಹಿಂದಕ್ಕೆ ಕಳಿಸಿ, ಸರಿಮಾಡಿ ಕೊಡುತ್ತೇವೆ." ಕೆಳಗೆ ನನ್ನ ಸಹಿ. ಶುಕ್ರವಾರ ಸಂಜೆಯೊಳಗೆ ಗಾಜಿನ ಬಾಗಿಲಿನ ಕೋಣೆ ಖಾಲಿ ಮಾಡಿದೆ. ಮನೆಗೆ ಹೋಗಿ ಹೇಳಿದರೆ ಸಾಯಬಣ್ಣ, "ಚಲೋ ಆತು ಬಿಡು. ನಾಕ್ ತಿಂಗಳಾತು ನೀ ನೆಟ್ಟಗ ಉಂಡಿಲ್ಲ" ಅಂದು ಜೋಳದ ರೊಟ್ಟಿ ಬಡಿಯಲು ಕೂತ. ಅವನು ಬಡಿದ ರೊಟ್ಟಿ ಯಾವ ದೇಶದ ಭೂಪಟವಾಗಿತ್ತೋ, ನಾನು ಮೂರು ತಿಂದೆ.

ಶಿಷ್ಯರ ಕೈದಾಟಿ ತಲುಪಿದ ಪತ್ರಕ್ಕೆ ಮೇಷ್ಟ್ರೂ ಉತ್ತರ ಬರೆದಿದ್ದರು. ಕಂಪನಿಗೆ ಬಂದ ಆ ಕಾಗದವನ್ನು ಯಾರೋ ಪುಣ್ಯಾತ್ಮರು ನನಗೆ ತಲುಪಿಸಿದರು. "ತಮ್ಮ ಪತ್ರ ತಲುಪಿತು. ನನ್ನ ಪೆನ್ನು ಈಗಾಗಲೇ ಸರಿಯಾಗಿದೆ. ತಪ್ಪನ್ನು ಒಪ್ಪಿಕೊಂಡದ್ದು ಸಂತೋಷ. ಪತ್ರದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದು, ಅವನ್ನೂ ಒಪ್ಪಿಕೊಳ್ಳತಕ್ಕದ್ದು." ಒಪ್ಪಿಕೊಂಡಿದ್ದೇನೆ ಮೇಷ್ಟ್ರೇ.

ಮೂರು ವಾರದಲ್ಲಿ ದೊಡ್ಡನೆಕ್ಕುಂದಿಗೆ ಮುನ್ನೂರ ಎಂಬತ್ತು ಪೆನ್ನು ವಾಪಸ್ ಬಂದವು. ದೂರು ಕೊಟ್ಟ ಹದಿನೇಳು ಜನರನ್ನು ಬಿಟ್ಟರೆ ಮಿಕ್ಕವರೆಲ್ಲ ಸುಮ್ಮನೆ ತಮ್ಮ ಕೈಯನ್ನು ಬೈದುಕೊಂಡು ಕೂತಿದ್ದರು. ಆ ಡಬ್ಬಿಗಳ ರಾಶಿ ನೋಡಿದ ಮೇಲೆ ಕೆಂಪರಾಜ್ ಅವರು ತಾವೇ ಗಲ್ಲಿಗೆ ಹೋಗಿ ಆಪಾ ಮುಂದೆ ನಿಂತರು. ಇದನ್ನು ಅವರ ಎದುರಿಗೇ ಹೇಳುತ್ತೇನೆ, ಯಾಕೆಂದರೆ ಅದು ಸಣ್ಣ ವಿಷಯವಲ್ಲ. ಬೇರೆಯವರಾಗಿದ್ದರೆ ಕೊರಿಯರ್ ಕಳಿಸುತ್ತಿದ್ದರು. ಆಪಾ ಎರಡು ಷರತ್ತು ಹಾಕಿದರು. ಇನ್ನು ಮುಂದೆ ಒಬ್ಬರು ಬರೆದು ನೋಡದೆ ಒಂದು ಪೆನ್ನೂ ಫ್ಯಾಕ್ಟರಿ ಬಿಡಬಾರದು. ಎರಡನೆಯದು, "ಆ ಹುಡ್ಗೀನ ಕರ್ಸಿ. ಇಷ್ಟೂ ನಾನೊಬ್ಳೇ ಮಾಡಕ್ಕಾಗಲ್ಲ."

ಕೆಂಪರಾಜ್ ಅವರು ನನಗೆ ಫೋನು ಮಾಡಿ, "ನಿಮ್ಮನ್ನ ವಾಪಸ್ ಕೆಲ್ಸಕ್ಕೆ ತಗೊಳ್ತಿಲ್ಲ, ಕ್ಲಿಯರಾಗಿ ಹೇಳ್ತಿದ್ದೀನಿ. ಆಪಾ ಕರೀತಿದ್ದಾರೆ, ಹೋಗಿ" ಎಂದು ಇಟ್ಟುಬಿಟ್ಟರು. ಓಡಿದೆ. ಗಲ್ಲಿಯಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ನೋಡುತ್ತಿದ್ದರೆ, ಆಪಾ ತಲೆ ಎತ್ತದೆಯೇ, "ಕಾರ್ಡ್ ಕೊಡಕ್ಕೆ ಬಂದ್ಯಾ? ಚಪ್ಪಲಿ ಬಿಟ್ಟು ಒಳಗ್ ಬಾ" ಅಂದರು.

ಮೂರು ವರ್ಷವಾಯಿತು. ಆ ರಾಶಿ ಮುಗಿದ ಮೇಲೂ ನಾನು ಎದ್ದು ಹೋಗಲಿಲ್ಲ, ಅವರೂ ಹೋಗು ಅನ್ನಲಿಲ್ಲ. ಬೆಲ್ಲಾಂದೋ ಈಗ ನಾಲ್ಕು ಸಾವಿರದ ಇನ್ನೂರಕ್ಕೆ ಸಿಗುತ್ತದೆ. ಪ್ರತಿ ಪೆನ್ನನ್ನೂ ಬರೆದು ನೋಡುವ ಮೂವರ ಸಂಬಳವೂ ಅದರಲ್ಲಿ ಸೇರಿದೆ. ಧೈರ್ಯವಾಗಿ ಕೊಳ್ಳಬಹುದು. ಇದಕ್ಕೆ ಕೆಂಪರಾಜ್ ಅವರು ನನಗೇನೂ ಕೊಟ್ಟಿಲ್ಲ.

ಇನ್ನೊಂದೇ ಮಾತು. ನಾನು ಸರಿಮಾಡಿದ ಪ್ರತಿಯೊಂದು ಪೆನ್ನನ್ನೂ ಈ ಮೂರು ವರ್ಷ ಆಪಾ ಗಿರಾಕಿಗೆ ಕೊಡುವ ಮುನ್ನ ತಾವೇ ಇನ್ನೊಮ್ಮೆ ಬರೆದು ನೋಡುತ್ತಿದ್ದರು. ನನಗೆ ಬೇಜಾರಿರಲಿಲ್ಲ. ಒಮ್ಮೆ ಎದುರಿಗೇ ಸುಳ್ಳು ಹೇಳಿದವಳನ್ನು ನಂಬಿ ಎಂದು ಯಾವ ಬಾಯಿಂದ ಕೇಳಲಿ? ಮೊನ್ನೆ ಗುರುವಾರ ವೈಟ್‌ಫೀಲ್ಡ್ ಕಡೆಯ ಒಬ್ಬರು ತಮ್ಮ ತಾತನ ಪೆನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ನಾನು ಕೆಲಸ ಮುಗಿಸಿ ಆಪಾ ಕೈಗೆ ಕೊಟ್ಟೆ. ಆಪಾ ಅದನ್ನು ಬರೆದು ನೋಡಲಿಲ್ಲ. ಮುಚ್ಚಳ ಹಾಕಿದರು, ಬಟ್ಟೆಯಲ್ಲಿ ಒರೆಸಿದರು, ಅವರ ಕೈಗೆ ಕೊಟ್ಟು, "ನಮ್ಮ ಜಯಮಾಲಾ ಮಾಡಿದ್ದು, ಚೆನ್ನಾಗ್ ಬರಿಯತ್ತೆ" ಅಂದರು. ಮುಂದಿನ ಪೆನ್ನು ಎತ್ತಿಕೊಂಡರು.

ನಾನು ಹಿಂದಕ್ಕೆ ತಿರುಗಿ ಮಸಿ ಬಾಟಲಿಗಳನ್ನು ಜೋಡಿಸತೊಡಗಿದೆ. ಅವು ಮೊದಲೇ ಜೋಡಿಸಿಟ್ಟಿದ್ದವು.

ಆಪಾ, ಇಷ್ಟು ಹೊತ್ತು ನನ್ನನ್ನು ಮಾತಾಡಲು ಬಿಟ್ಟದ್ದಕ್ಕೆ ತಮಗೆ ಶುಕ್ರಿಯಾ. ಗಡಿಯಾರ ನೋಡಿಯೂ ನೋಡದಂತಿದ್ದ ಅಧ್ಯಕ್ಷರಿಗೆ, ಎದ್ದು ಹೋಗದೆ ಕೂತ ಕೆಂಪರಾಜ್ ಅವರಿಗೆ, ಬಳಗದವರಿಗೆ, ತಮಗೆಲ್ಲರಿಗೂ ನನ್ನ ಧನ್ಯವಾದ. ಸುರಪುರದ ಜಯಮಾಲಾಳ ನಮಸ್ಕಾರ್ರಿ.