ಡಿಸ್ಕೌಂಟಿಗಷ್ಟೇ ಹೆಂಡ್ತಿ

...ಹಂಗ ಅಷ್ಟ್ ದೂರ ಕುಂತ್ರ ಯಾರರ ಗಂಡ ಅಂತಾರೇನ್ರೀ ನಿಮ್ಮನ್ನ? ಕುರ್ಚಿ ಈ ಕಡೆ ಎಳಕೋರಿ. ಇನ್ನೊಂದೀಟು... ಹಾಂ, ಸಾಕು ಸಾಕು! ಡಿಸ್ಕೌಂಟಿಗೆ ಎಷ್ಟ್ ಬೇಕೋ ಅಷ್ಟ ಗಂಡ ಆಗ್ರಿ, ಮೈಮ್ಯಾಲೆ ಬೀಳೂದೇನ್ ಬ್ಯಾಡ.

ಯಾಕ ನಗ್ತೀರಿ? ಫೋನಿನ್ಯಾಗ ಎಲ್ಲಾ ಬಿಡಿಸಿ ಹೇಳೀನಲ್ಲ. ಈ ಕಾರಿನವ್ರಿಗೆ ಹೆಡ್‌ಲೈಟ್ ಮಾಡಿ ಕೊಡೂದು ನಿಮ್ಮ ಅಂಬರನಾಥದ ಕಂಪನಿ. ಹೌದಿಲ್ಲೋ? ಮಾಲು ಕೊಡೂ ಕಂಪನಿಯವ್ರಿಗೆ ಈ ಶೋರೂಮಿನವ್ರು ರೇಟಿನ್ಯಾಗ ಬಿಡ್ತಾರ. ಸಪ್ಲಾಯರ್ ಡಿಸ್ಕೌಂಟು! ನೌಕರಗ, ಇಲ್ಲಾ ನೌಕರನ ಹೆಂಡ್ತಿಗೆ. ಬರೂ ತಿಂಗಳ ಬಾಂದ್ರಾ ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರು ನಮ್ಮ ಡೈವೋರ್ಸಿಗೆ ಸಹಿ ಹೊಡದ್ರಂದ್ರ ಈ ಶೀತಲ್ ಯಾರ ಹೆಂಡ್ತೀನೂ ಅಲ್ಲ. ಅಷ್ಟರಾಗ ಕಾರ್ ಬರ್ಬೇಕು! ಇಷ್ಟ್ ವರ್ಷ ನಿಮಗ ರೊಟ್ಟಿ ಬಡದ ಹಾಕೀನಿ ಕಾಶಿನಾಥ ಸಾಹೇಬ್ರ, ಅದರಿಂದ ನನಗ ದಕ್ಕೂದು ಇದೊಂದ... ಡಿಸ್ಕೌಂಟು.

ಅಂಜಬ್ಯಾಡ್ರಿ, ಆ ಸೇಲ್ಸಿನ ಶ್ರೇಯಾಗ ಕನ್ನಡ ಬರಂಗಿಲ್ಲ. ಮ್ಯಾನೇಜರನ್ನ ಕೇಳ್ಕೊಂಡ ಬರ್ತೀನಂತ ಒಳಗ ಹೋಗ್ಯಾಳ. ಏನ್ ಕೇಳ್ತಾಳ, ಮಣ್ಣು! ಒಂದ್ ಚಾ ಕುಡದು, ಮಾರಿ ಸಣ್ಣದ ಮಾಡ್ಕೊಂಡ ಬರ್ತಾಳ ನೋಡ್ರಿ...

ಬಂದ್ಲು, ಬಂದ್ಲು. ಎದಿ ಉಬ್ಬಸ್ರಿ. ಹೆಡ್‌ಲೈಟ್ ಕಂಪನಿ ಆಫೀಸರ್ ಕಂಡಂಗ ಕಾಣ್ರಿ.

ಅರೇ ಮೇಡಂ, ಯೇ ಕ್ಯಾ ಹೈ? ಹ್ಯಾಂಡ್ಲಿಂಗ್ ಚಾರ್ಜ್? ಕಾರ್ ತೋ ಮೈ ಹ್ಯಾಂಡಲ್ ಕರೂಂಗೀ, ಚಾರ್ಜ್ ಆಪ್ ಕ್ಯೂಂ ಲೇಂಗೇ? ನಿಕಾಲೋ! ...ಔರ್ ಕಾಲಾಗ ಹಾಸೂ ಮ್ಯಾಟ್... ಅದಕ್ಕೇನಂತಾರ... ಹಾಂ, ಫ್ಲೋರ್ ಮ್ಯಾಟ್, ಓ ಫ್ರೀ! ...ಫಿರ್ ಸೇ ಪೂಛೋ ಮ್ಯಾನೇಜರ್ ಕೋ. ಹಮ್ ಬೈಠೇ ಹೈ.

ಹೋದ್ಲು. ಮತ್ತೊಂದ ಚಾ!

ಅಲ್ರೀ, ನೀವು ಒಂದ್ ಮಾತ ಕೂಡಸಬಾರದೇನು? ಗಂಡ ಅಂದಮ್ಯಾಲೆ ಗಕ್ಕನ ಎದ್ದು, ‘ಬಿಡು ಶೀತಲ್, ಮುಂದಿನ ಶೋರೂಮಿಗೆ ಹೋಗೂಣು’ ಅನಬೇಕು. ಆಗ ಅವ್ರು ಬೆನ್ನ ಹತ್ತತಾರ. ನೀವು ನೋಡಿದ್ರ ಕಂಪನಿ ಕಾರ್ಡ್ ಕೊಳ್ಳಾಗ ಹಾಕ್ಕೊಂಡು ಗ್ವಾಡಿ ನೋಡ್ಕೋತ ಕುಂತೀರಿ.

ನಿಮ್ಮ ವಿಷಯ ಕೇಳಿ ನನ್ನ ವಕೀಲ ಬಾಯಿ ಏನಂದ್ಲು ಗೊತ್ತೇನು? ಕುಡೀತಾರೇನು ಅಂದ್ಲು. ಇಲ್ಲಂದೆ. ಬಡೀತಾರೇನು? ಇಲ್ಲ. ಮತ್ತೇನವ್ವಾ ನಿನ್ನ ತಕರಾರು? ‘ಮಾತಾಡಂಗಿಲ್ರೀ’ ಅಂದೆ. ಆಕಿ ಪೆನ್ನ ಕೆಳಗಿಟ್ಟು, ‘ನನ್ನ ಗಂಡನ್ನ ಬದ್ಲಿ ಕೊಡ್ತೀನಿ, ತಗೋತೀಯೇನು?’ ಅಂದ್ಲು!

ನಗ್ರಿ, ನಗ್ರಿ... ನಾ ಮನಿ ಬಿಟ್ಟ ದಿನ ನನಗ ನಗು ಬರ್ಲಿಲ್ಲ ಬಿಡ್ರಿ. ನಿಮ್ಮವ್ವ ನಡಮನ್ಯಾಗ ನಿಂತು, ‘ಆಫೀಸರನ ಹೆಂಡ್ತಿ ಲೋಕಲ್ ಟ್ರೇನಿನ್ಯಾಗ ರೊಟ್ಟಿ ಗಂಟ ಹೊತ್ಕೊಂಡು ಮಾರಾಕ ತಿರಗೂದೇನು? ರೊಟ್ಟಿ ಬೇಕೋ, ಮನಿ ಬೇಕೋ?’ ಅಂತ ಕೇಳಿದ್ರು. ನಾ ನಿಮ್ಮ ಮಾರಿ ನೋಡಿದೆ. ನೀವು ಟಿವಿ ನೋಡಿದ್ರಿ. ಮ್ಯಾಚ್ ಇದ್ದಿದ್ರರ ಒಂದ್ ಮಾತು... ಜಾಹೀರಾತ್ರೀ! ಸಾಬಾಣದ ಜಾಹೀರಾತು!

ಇರಲಿ. ಈಗ ಪರೇಲದ ಆಫೀಸಿನವ್ರು, ಇಲ್ಲಿ ಶೆಟ್ಟರ ಹೋಟೆಲ್ಲಿನವ್ರು, ಎಲ್ಲಾರೂ ನನ್ನ ರೊಟ್ಟೀನ ತಿಂತಾರ. ಸೋಮವ್ವ, ಶರಣವ್ವ ಇಬ್ಬರೂ ನನ್ನ ಕಡೆ ಪಗಾರಕ್ಕದಾರ. ಟ್ರೇನಿನ ಗರ್ದಿಯೊಳಗ ಗಂಟ ಏರಸೂದು, ಮಂದಿ ಕೈಲೆ ಬೈಸ್ಕೊಳ್ಳೂದು ಸಾಕಾತು. ಅದಕ್ಕ ಈ ಕಾರು.

ಬಂದ್ಲ ನೋಡ್ರಿ, ಈ ಸಲ ನಕ್ಕೋತ ಬರಾಕತ್ತಾಳ... ಕ್ಯಾ ಹುವಾ ಮೇಡಂ? ...ಹಾಂ? ...ಅಚ್ಛಾ...

ಕೇಳಿದ್ರೇನು? ನಿಮ್ಮ ಕಾರ್ಡ್ ಬ್ಯಾಡಂತ! ಸಪ್ಲಾಯರ್ ಡಿಸ್ಕೌಂಟಿಗಿಂತ ದಸರಾ ಆಫರಿನ್ಯಾಗ ಜಾಸ್ತಿ ಬಿಡ್ತಾರಂತ. ಎರಡೂ ಕೂಡಿಸಿ ಕೊಡಂಗಿಲ್ಲಂತ. ಎಂಥಾ ಮಂದಿ ನೋಡ್ರಿ! ಸುಮ್ನ ನಿಮ್ಮನ್ನ ಅಂಬರನಾಥದಿಂದ ಅಂಧೇರಿಗೆ...

ಏನು? ...ಆಕಿ ಏನಂದ್ಲು? ‘ಮೇಡಂಗ ಫೋನಿನ್ಯಾಗ ಮೊದ್ಲ ಹೇಳಿದ್ದೆ’ ಅಂದ್ಲಾ? ಯಾವ ಮೇಡಮ್ಮೋ ಏನೋ! ದಿನಾ ನೂರಾ ಎಂಟ ಮಂದಿ ಫೋನ್ ಹಚ್ಚತಾರ, ಪಾಪ, ಆಕಿಗರ ಹೆಂಗ ನೆನಪಿರ್ತೈತಿ... ನಾ ಯಾಕ ಫೋನ್ ಹಚ್ಚಲಿ...

ಹಂಗ್ಯಾಕ ನೋಡ್ತೀರಿ?

ಏನರ ಅನ್ರಿ. ಬೇಕಾದ್ರ ಬೈರಿ.

...ರೀ.

ಹೌದು. ಗೊತ್ತಿತ್ತು. ನಿಮಗ ಫೋನ್ ಮಾಡೂಕಿಂತ ಮೊದ್ಲ ಗೊತ್ತಿತ್ತು. ಮತ್ತ... ಏನಂತ ಕರೀಲಿ ನಿಮ್ಮನ್ನ? ಸುಮ್ನ ಬರ್ರಿ ಅಂತನಾ? ಕೋರ್ಟಿನ್ಯಾಗ ಸಿಕ್ರ ನಡುವ ವಕೀಲ ಬಾಯಿ ನಿಂತಿರ್ತಾಳ. ನಾನ ದುಡದು ತಗೊಳ್ಳಾಕತ್ತಿರೂ ಕಾರು... ಎಲ್ಲಾರಕಿಂತ ಮೊದ್ಲ ನೀವ ನೋಡಬೇಕಾಗಿತ್ತು. ಅಷ್ಟ. ಬ್ಯಾರೆ ಏನೂ ಇಲ್ಲ.

ಎದ್ರ್ಯಾ? ಹೋಗ್ರಿ, ಹೋಗ್ರಿ. ನಿಮ್ಮದೊಂದ ಸೂಟಿ ಹಾಳ ಮಾಡಿದೆ... ಅಲ್ರೀ, ಹೊರಗ ಹೋಗೂ ಬಾಗಲಾ ಈ ಕಡೆ ಐತಿ! ಅತ್ತಾಗ ಎಲ್ಲಿ ಹೊಂಟ್ರಿ? ಅದು ಟೆಸ್ಟ್ ಡ್ರೈವಿನ ಗಾಡಿ ರೀ, ಅದರ ಬಾಗಲಾ ಯಾಕ ತಗೀತೀರಿ...

ಅಯ್ಯ! ಡ್ರೈವರ್ ಬಾಜೂ ಸೀಟಿನ್ಯಾಗ ಕುಂತೇಬಿಟ್ರಲ್ಲ!

...ಮೇಡಂ, ಚಾವಿ ದೇನಾ ಜರಾ.

ಬೆಲ್ಟ್ ಬಿಗ್ಕೋರಿ. ಲೈಸೆನ್ಸ್ ಬಂದೈತಿ, ಆದ್ರ ನನಗೂ ಬ್ರೇಕಿಗೂ ಇನ್ನೂ ಅಷ್ಟಕ್ಕಷ್ಟ. ಅಂಜಿಕಿ ಬಂತಂದ್ರ ಬಾಯಿ ತಗದು ಒದರ್ರಿ... ಕೇಳಿದ್ರ್ಯಾ? ಒದರಿದ್ರಷ್ಟ ನಿಲ್ಲಸಾಕಿ ನಾ.