ಗೋಡೆಗೆ ಜಡಿದ ಬಾಗಿಲು

ಪರವಾನಗಿ ಕಚೇರಿಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ದರ್ಜಿಯ ಪಕ್ಕ ಬೇಕರಿಯ ಒಡತಿ ತಮ್ಮನೊಂದಿಗೆ ಬಂದು ಕುಳಿತಳು. ಒಲೆ ಉರಿಸುವ ಅಂಗಡಿಗೆ ಎರಡು ಬಾಗಿಲು ಇರಲೇಬೇಕೆಂಬ ಹೊಸ ನಿಯಮ ಬಂದಿತ್ತು. ಇಬ್ಬರೂ ಪಿಸುಗುಟ್ಟುತ್ತಿದ್ದರೂ ದರ್ಜಿಯ ಕಿವಿ ಅತ್ತಲೇ ಇತ್ತು.

“ಎರಡು ಬಾಗಿಲಿದೆ ಅಂತ ಸಹಿ ಹಾಕ್ಬಿಡಕ್ಕಾ. ಅಷ್ಟೇ ಕೆಲಸ.”

“ಹಿಂದಿನದು ಬಾಗಿಲೇನೋ? ಗೋಡೆಗೆ ಹಲಗೆ ಹೊಡೆದು ಚಿಲಕ ಹಾಕಿದೀಯ.”

“ಸಾಹೇಬ್ರು ನೋಡೋಕೆ ಬಂದಾಗ ಅದರ ಮುಂದೆ ಹಿಟ್ಟಿನ ಮೂಟೆ ಇಡ್ತೀನಿ. ಯಾರು ತೆಗೆದು ನೋಡ್ತಾರೆ?”

“ನಿನ್ನೆ ಅಮ್ಮ ನೋಡಿದ್ಲು.”

“ಅಮ್ಮನಾ?”

“ನಾನು ಹೊರಗೆ ಹೋಗಿದ್ದೆ. ಒಲೆ ಹೊಗೆ ಕಾರಿ ಬೇಕರಿಯೆಲ್ಲಾ ತುಂಬ್ಕೊಂಡಿತ್ತು. ಅವಳಿಗೆ ಮೊದಲೇ ಕಣ್ಣು ಮಂಜು. ನಾನು ಬರೋ ಹೊತ್ತಿಗೆ ಆ ಚಿಲಕ ಹಿಡಿದು ಜಗ್ತಾ ಇದ್ಲು. ‘ಹೊರಗಿಂದ ಯಾರೇ ಹಾಕಿದ್ದು, ತೆಗೀರೇ’ ಅಂತ ಗೋಡೆ ಬಡೀತಿದ್ಲು ಕಣೋ.”

ತಮ್ಮ ಅಕ್ಕನ ಹತ್ತಿರ ಸರಿದ.

“ನಿಜ ಹೇಳಿದ್ರೆ ಇವತ್ತೇ ಬೀಗ ಜಡೀತಾರೆ. ಆಮೇಲೆ ಹೊಟ್ಟೆಗೆ ತಣ್ಣೀರು ಬಟ್ಟೇನೇ ಗತಿ.”

“ಗೊತ್ತು. ಅದಕ್ಕೆ ನನಗೂ ಭಯಾನೇ. ಆದ್ರೆ ಆ ಸಹಿ ಹಾಕೋಕೆ ಅದಕ್ಕಿಂತ ಭಯ ಆಗ್ತಿದೆ.”

ಜವಾನ ಅವರ ಸಂಖ್ಯೆ ಕೂಗಿದ.

“ಅಕ್ಕಾ, ಒಳಗೆ ಏನಂತ ಹೇಳ್ತೀಯ?”

“ಒಂದೇ ಬಾಗಿಲು ಅಂತ. ನೀನೂ ಬಾ, ಒಬ್ಬಳನ್ನೇ ಕಳಿಸ್ಬೇಡ.”

ತಮ್ಮನ ತೋಳು ಹಿಡಿದುಕೊಂಡು ಅವಳು ಸಾಹೇಬರ ಕೋಣೆಯತ್ತ ನಡೆದಳು.