ಕೆಂಪು ಹೋರಿ ಮೇವು ಬಿಟ್ಟಿದೆ

ಹಲೋ... ಯಾರು ಮಾತಾಡ್ತಿರೋದು? ರೊಟ್ಟಿ ಅಂಗಡೀನಾ?... ಹಾಂ, ಶೆಹಾತಾಗೆ ಕೊಡಪ್ಪ. ಅವನಕ್ಕ ವಗೀದಾ ಅಂತ ಹೇಳು...

ಶೆಹಾತಾ? ನಾನೇ ಕಣೋ. ಕೆಂಪು ಹೋರಿ ಬೆಳಗ್ಗೆಯಿಂದ ಮೇವಿಗೆ ಬಾಯಿ ಹಾಕಿಲ್ಲ. ಮೆಲುಕೂ ಇಲ್ಲ, ಸಗಣಿ ಬರೀ ನೀರು...

ಇಲ್ಲ, ಬರ್ಸೀಮ್ ಹುಲ್ಲಿಂದ ಅಲ್ಲ. ಹಸೀದು ಯಾವತ್ತಾದ್ರೂ ಹಾಕಿದೀನಾ? ಕೊಯ್ದು, ಬಾಡಿಸಿ, ಗೋಧಿ ಹೊಟ್ಟಿನ ಜೊತೆ ಕಲಸಿಯೇ ಹಾಕೋದು...

ನೀನು ಕಳಿಸ್ತೀಯಲ್ಲ, ಆ ಮೂಟೆ. ಅದರಲ್ಲಿ ಏನಿದೆ?...

ಜೋಳ, ಬೂಸಾ, ಹತ್ತಿಕಾಳಿನ ಹಿಂಡಿ. ಅಷ್ಟೇನಾ?... ಇನ್ನೊಂದ್ಸಲ ಹೇಳು, ಅಷ್ಟೇನಾ?...

ಬೂಸಾ ರೇಟು ಮುಟ್ಟೋ ಹಾಗಿಲ್ಲ ಅಕ್ಕ, ನಾನು ಲೆಕ್ಕ ಹಾಕಿ ಅಗ್ಗದ ಮೇವು ಮಾಡಿಕೊಡ್ತೀನಿ, ಬಕ್ರೀದ್ ಹೊತ್ತಿಗೆ ಎರಡೂ ಹೋರಿ ಮೈ ತುಂಬಿರ್ತವೆ ಅಂತ ನೀನೇ ಅಂದೆ. ತುಂಬಿದ್ವು. ದಮನ್ಹೂರ್ ಸಂತೆಯ ದಲ್ಲಾಳಿ ಮನೇಗೇ ಬಂದು ನೋಡ್ಕೊಂಡು ಹೋದ. ಏನ್ ಹಾಕ್ತೀಯಮ್ಮ ಅಂತ ಕೇಳಿದ. ಎಲ್ಲಾ ನನ್ನ ತಮ್ಮನ ತಲೆ ಅಂದೆ...

ಹಾಂ, ಮೂಟೆ ಬಿಚ್ಚಿ ಜರಡಿ ಹಿಡಿದ್ವಿ. ಪುಡಿ ಕೆಳಗಿಳೀತು. ಮೇಲೆ ಉಳಿದಿದ್ದು ರೊಟ್ಟಿ ಚೂರು ಶೆಹಾತಾ. ನೀನು ಕಾರ್ಡಿನೋರಿಗೆ ಸರ್ಕಾರದ ರೇಟಲ್ಲಿ ಕೊಡಬೇಕಾದ ರೇಷನ್ ರೊಟ್ಟಿ...

ಜನ ಬಿಸಾಕಿದ್ದಾ? ಈ ಊರಲ್ಲಿ ಯಾರೋ ರೊಟ್ಟಿ ಬಿಸಾಕೋದು? ನೆಲಕ್ಕೆ ಬಿದ್ದ ತುಂಡನ್ನ ಮುತ್ತಿಟ್ಟು ಗೋಡೆ ಮೇಲಿಡೋ ಜನ ನಾವು. ಮೂಟೆಗಟ್ಟಲೆ ಹಳಸಿದ್ದು ಎಲ್ಲಿಂದ ಬರುತ್ತೆ?...

ಅಲ್ವಾ ಮತ್ತೆ. ಈಗ ಬಾಯಿ ಬಿಟ್ಟೆ. ಬೂಸಾಗಿಂತ ರೇಷನ್ ರೊಟ್ಟಿ ಅಗ್ಗ, ಅದೇ ನಿನ್ನ ಲೆಕ್ಕ. ಹಬ್ಬ ಹತ್ರ ಬಂತು ಅಂತ ಈ ಸಲ ಜಾಸ್ತಿ ತುಂಬಿದೀಯ, ಅದಕ್ಕೇ ಹೋರಿ ಹೊಟ್ಟೆ ಕೆಟ್ಟಿರೋದು...

ಹೋರಿ ಹಾಳಾಗ್ಲಿ ಬಿಡು. ಪಕ್ಕದ ಮನೆ ನಬವಿಯಾ ನಿನ್ನ ಅಂಗಡಿ ಮುಂದೆ ಕ್ಯೂ ನಿಂತು ನಿಂತು ಬರಿಗೈಲಿ ವಾಪಸ್ ಬರ್ತಾಳೆ. ಹಿಟ್ಟು ಮುಗೀತು ಅಂತೀಯಂತೆ. ಅವಳು ನಿನ್ನನ್ನ ಕಳ್ಳ ಅಂದಾಗ ಜಗಳಕ್ಕೆ ಹೋದವಳು ನಾನು. ನನ್ನ ತಮ್ಮ ಅಂಥವನಲ್ಲ ಅಂತ ದೇವರ ಆಣೆ ಇಟ್ಟೆ ಕಣೋ...

ನನಗೋಸ್ಕರ ಮಾಡಿದ್ಯಾ?... ಆ ಮಾತೊಂದು ಆಡ್ಬೇಡ. ಹೋರೀಲಿ ಅರ್ಧ ನಿಂದು, ಅರ್ಧ ನಂದು. ಅವಳ ಮಕ್ಕಳ ಅನ್ನ ಮಾತ್ರ ಪೂರ್ತಿ ನನ್ನ ಕೊಟ್ಟಿಗೇಲಿ, ನನ್ನ ಕೈಯಿಂದ್ಲೇ ನೀನು ಹಾಕಿಸ್ದೆ...

ಗೊತ್ತು ಗೊತ್ತು. ಈ ಹೋರಿಗಳನ್ನ ಮಾರಿದ್ರೇ ನನ್ನ ಮಗಳ ಮದುವೆ. ಆದ್ರೂ ನಾಳೆಯಿಂದ ಹೊಟ್ಟು, ಬಾಡಿಸಿದ ಹುಲ್ಲು, ಅಷ್ಟೇ. ಬಡಕಲಾದ್ರೆ ಆಗ್ಲಿ. ಮದುವೆ ಮುಂದಕ್ಕೆ ಹೋದ್ರೆ ಹೋಗ್ಲಿ...

ಏನಂದೆ?... ಯಾರ್ಯಾರಿಗೆ ಗೊತ್ತು ಅಂತಾನಾ? ಇಷ್ಟೆಲ್ಲಾ ಕೇಳಿದ ಮೇಲೂ ನಿನಗೆ ಅದೊಂದೇ ಬೇಕಾಗಿರೋದಾ?...

ಜರಡಿ ಹಿಡಿದವಳು ನಬವಿಯಾ. ನನಗೆ ಕೈನೋವು ಅಂತ ಸಹಾಯಕ್ಕೆ ಬಂದಿದ್ಲು... ಹಾಂ, ಇಲ್ಲೇ ಕೂತಿದಾಳೆ. ನನ್ನ ಮಾತೆಲ್ಲಾ ಕೇಳಿಸ್ಕೊಂಡ್ಲು...

ಇರು, ಫೋನ್ ಅವಳಿಗೆ ಕೊಡ್ತೀನಿ. ಇಷ್ಟು ದಿನ ನಿನ್ನ ಪರವಾಗಿ ನಾನು ಮಾತಾಡಿದ್ದು ಸಾಕು, ಇನ್ನು ನೀನೇ ಮಾತಾಡು. ತಗೊಳಮ್ಮ ನಬವಿಯಾ...

ಶೆಹಾತಾ?... ಹಲೋ... ಹಲೋ...